ಒಂದು ಅಚ್ಚು, ನೂರು ವಾಲ್ವು

ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ತರುಣ ಇಂಜಿನಿಯರರಿಗೆ ನಿತ್ಯವೂ ಎದುರಾಗುವ ವಿಷಯವೊಂದನ್ನು ಈ ಸಲ ತೆಗೆದುಕೊಳ್ಳೋಣ. ಔಷಧಿ, ರಸಗೊಬ್ಬರ, ಸಕ್ಕರೆ, ಹಾಲು, ಯಾವ ಕಾರ್ಖಾನೆಯನ್ನೇ ನೋಡಿದರೂ ಅಲ್ಲಿ ವಾಲ್ವುಗಳು ಹಲವಾರು. ಅವುಗಳನ್ನು ತೆರೆಯಿಸಿ ಮುಚ್ಚಿಸುವ ಕೆಲಸ ಈಗ ಬಹುಮಟ್ಟಿಗೆ ಕಂಪ್ಯೂಟರಿನದು. ವಾಲ್ವು ನೂರಿದ್ದರೆ ಪ್ರೋಗ್ರಾಮನ್ನೂ ನೂರು ಸಲ ಬರೆಯಬೇಕೆ? ಬೇಕಿಲ್ಲ.

ಮೊದಲು ಒಂದು ವಾಲ್ವಿನ ನಡವಳಿಕೆಯನ್ನು ಗಮನಿಸೋಣ. 'ತೆರೆ' ಎಂದು ಅದಕ್ಕೆ ಆಜ್ಞೆ ಹೋಗುತ್ತದೆ. ಪೂರ್ತಿ ತೆರೆದ ಮೇಲೆ ಒಂದು ಲಿಮಿಟ್ ಸ್ವಿಚ್ಚು ಆ ಸುದ್ದಿಯನ್ನು ಮರಳಿ ಕಳಿಸುತ್ತದೆ. ಮುಚ್ಚಿದ ಸುದ್ದಿಯನ್ನು ಇನ್ನೊಂದು ಸ್ವಿಚ್ಚು ಕಳಿಸುತ್ತದೆ. ಗೊತ್ತುಪಡಿಸಿದ ಕಾಲದೊಳಗೆ ಸುದ್ದಿ ಬಾರದಿದ್ದರೆ ಅಲಾರಂ ಕೂಗಬೇಕು. ತೊಟ್ಟಿ ಆಗಲೇ ತುಂಬಿದ್ದರೆ, ಆಜ್ಞೆ ಬಂದರೂ ವಾಲ್ವು ತೆರೆಯಬಾರದು. ಈ ತಡೆಗೆ ಇಂಟರ್‌ಲಾಕ್ ಎಂದು ಹೆಸರು.

ಇಷ್ಟು ಗುಣ ಎಲ್ಲ ವಾಲ್ವುಗಳಿಗೂ ಸಮಾನ. ಬೇರೆಯಾಗುವುದು ಹೆಸರು, ತಂತಿ ಬಂದು ಸೇರುವ ಜಾಗ, ಕಾಯಬೇಕಾದ ಸೆಕೆಂಡುಗಳು, ತಡೆಯ ಕಾರಣ. ಸಮಾನವಾದುದನ್ನು ಒಂದೇ ಸಲ ಬರೆದು, ಬೇರೆಯಾಗುವುದಕ್ಕೆ ಖಾಲಿ ಮನೆಗಳನ್ನು ಬಿಟ್ಟರೆ ಅದೇ 'ಟೈಪ್'. ಆ ಮನೆಗಳನ್ನು ತುಂಬಿ ಪಡೆದ ಒಂದೊಂದು ವಾಲ್ವೂ ಅದರ 'ಪ್ರತಿ'.

ಈ ವಿಚಾರದ ಬೇರು ನಾರ್ವೆ ದೇಶದಲ್ಲಿದೆ. ಅಲ್ಲಿಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಎಂಬವರು ರಚಿಸಿದ ಸಿಮುಲಾ ೬೭ ಎಂಬ ಭಾಷೆಯಲ್ಲಿ ಅದು ಸ್ಪಷ್ಟ ರೂಪ ತಾಳಿತು. ಕಾರ್ಖಾನೆಯ ನಿಯಂತ್ರಣ ಭಾಷೆಗಳಿಗಾಗಿ ೧೯೯೩ರಲ್ಲಿ ಹೊರಟ ಐಇಸಿ ಅಂತರರಾಷ್ಟ್ರೀಯ ಮಾನಕವು 'ಫಂಕ್ಷನ್ ಬ್ಲಾಕ್' ಎಂಬ ಹೆಸರಿನಿಂದ ಇಂಥ ಅಚ್ಚಿಗೆ ಸ್ಥಾನ ಕೊಟ್ಟಿತು.

ಆಲೆಮನೆಯ ಬೆಲ್ಲದ ಅಚ್ಚಿಗೂ ಇದಕ್ಕೂ ಹೋಲಿಕೆಯುಂಟು; ಒಂದು ಭೇದವೂ ಉಂಟು. ಬೆಲ್ಲದ ಅಚ್ಚನ್ನು ತಿದ್ದಿದರೆ ನಿನ್ನೆ ಹೊಯ್ದ ಬೆಲ್ಲ ಬದಲಾಗುವುದಿಲ್ಲ. ಟೈಪನ್ನು ತಿದ್ದಿ ಹೊಸದಾಗಿ ಯಂತ್ರಕ್ಕೆ ಇಳಿಸಿದರೋ, ಅದರ ಪ್ರತಿಗಳೆಲ್ಲ ಬದಲಾಗುತ್ತವೆ. ಲಾಭವೂ ಅದೇ, ಅಪಾಯವೂ ಅದೇ. ಅಲಾರಮಿನ ಒಂದು ಸಾಲು ತಪ್ಪಿದರೆ ನೂರು ವಾಲ್ವುಗಳೂ ಒಟ್ಟಿಗೆ ಮೂಕವಾಗುತ್ತವೆ.

ಆದಕಾರಣ ಮೂರು ಮಾತುಗಳನ್ನು ನೆನಪಿನಲ್ಲಿಡುವುದು ಒಳ್ಳೆಯದು. ಮೊದಲನೆಯದು: ಟೈಪನ್ನು ಬಳಕೆಗೆ ಬಿಡುವ ಮುನ್ನ ಒಂಟಿಯಾಗಿ ಪರೀಕ್ಷಿಸಬೇಕು. ಸ್ವಿಚ್ಚು ಕೆಟ್ಟರೆ ಏನಾಗುತ್ತದೆ, ಎರಡು ಸ್ವಿಚ್ಚುಗಳೂ ಒಮ್ಮೆಗೇ ಸುದ್ದಿ ಕೊಟ್ಟರೆ ಏನಾಗುತ್ತದೆ ಎಂದು ನೋಡಬೇಕು. ಎರಡನೆಯದು: ಎಲ್ಲವನ್ನೂ ಒಂದರಲ್ಲೇ ತುರುಕಬಾರದು. ಬಹಳಷ್ಟು ಪ್ರತಿಗಳಲ್ಲಿ ಅರ್ಧ ಮನೆಗಳು ಖಾಲಿಯೇ ಉಳಿಯುವುದಾದರೆ ಎರಡು ಟೈಪುಗಳನ್ನು ಮಾಡುವುದು ಲೇಸು. ಮೂರನೆಯದು: ಪ್ರತಿ ತಿದ್ದುಪಡಿಗೂ ಸಂಖ್ಯೆ ಕೊಟ್ಟು, ಕಾರಣವನ್ನು ಬರೆದಿಡಬೇಕು. ಹೊಸ ಟೈಪನ್ನು ಇಳಿಸುವಾಗ ಯಂತ್ರವು ನೆನಪಿಟ್ಟ ಬೆಲೆಗಳು ಮೊದಲಿನ ಸ್ಥಿತಿಗೆ ಮರಳುವ ಸಂಭವವಿದೆ; ಆದ್ದರಿಂದ ಕಾರ್ಖಾನೆ ನಿಂತಿರುವ ದಿನವೇ ಆ ಕೆಲಸಕ್ಕೆ ತಕ್ಕದ್ದು.

ರಾತ್ರಿ ಪಾಳಿಯಲ್ಲಿ ಪರದೆಯ ಮುಂದೆ ಕುಳಿತ ಕೆಲಸಗಾರನು ನಮ್ಮ ಪ್ರೋಗ್ರಾಮನ್ನು ಓದಿರುವುದಿಲ್ಲ. ಅಲಾರಂ ಕೂಗಲಿಲ್ಲವಾದ್ದರಿಂದ ಎಲ್ಲವೂ ಕ್ಷೇಮವೆಂದು ನಂಬಿರುತ್ತಾನೆ. ಆ ನಂಬಿಕೆಯನ್ನು ಉಳಿಸುವ ಹೊಣೆ ಅಚ್ಚು ಮಾಡಿದವರದು.

ಅಭ್ಯಾಸಕ್ಕೆ: ನೀರೆತ್ತುವ ಪಂಪಿಗೆ ಒಂದು ಟೈಪ್ ಮಾಡಬೇಕಾಗಿದೆ ಎಂದುಕೊಳ್ಳಿ. ಅದರಲ್ಲಿ ಯಾವುದು ಸಮಾನ ಗುಣ, ಯಾವುದು ಖಾಲಿ ಮನೆ? ವಾಚಕರು ಪಟ್ಟಿ ಮಾಡಿ ನೋಡಬೇಕೆಂದು ಕೋರುತ್ತೇವೆ.