ಬಂಗಿಗೆ ಮೊದಲ ಮದ್ದು ನೆರಳು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಹೆಣ್ಣುಮಕ್ಕಳ ದುಡಿಮೆ ಬಹುಪಾಲು ಬಿಸಿಲಲ್ಲೇ. ಕಬ್ಬಿನಲ್ಲಿ ಕಸ ತೆಗೆಯಬೇಕು, ದ್ರಾಕ್ಷಿ ಪಡದಲ್ಲಿ ನಿಲ್ಲಬೇಕು, ತಂಬಾಕು ಒಣಗಿಸಬೇಕು, ಸಂತೆಗೂ ಹೋಗಿ ಬರಬೇಕು. ಮೂವತ್ತು ತುಂಬುವಷ್ಟರಲ್ಲಿ ಎಷ್ಟೋ ಜನರ ಕೆನ್ನೆಯ ಮೇಲೆ ಬಂಗು ಮೂಡಿರುತ್ತದೆ. ಆಗ ಒಬ್ಬೊಬ್ಬರು ಒಂದೊಂದು ಔಷಧ ಹೇಳುತ್ತಾರೆ. ಅದನ್ನೆಲ್ಲ ಹಚ್ಚಿ ಮುಖ ಕೆಡಿಸಿಕೊಳ್ಳುವ ಮೊದಲು ಈ ನಾಲ್ಕು ಮಾತು ಕೇಳಿ, ತಂಗೀ.

• ಮೊದಲು ಗುರುತು ಹಿಡಿಯಿರಿ. ಹಗಲು ಬೆಳಕಿನಲ್ಲಿ ಕನ್ನಡಿ ನೋಡಿ. ಎರಡೂ ಕೆನ್ನೆಯ ಮೇಲೆ ಹೆಚ್ಚುಕಡಿಮೆ ಒಂದೇ ಥರ, ಜೊತೆಗೆ ಹಣೆ, ಮೂಗು, ಮೇಲ್ದುಟಿಯ ಮೇಲೂ ಕಂದು ಕಲೆ ಇದ್ದು, ತುರಿಕೆ, ಉರಿ, ಹೊಟ್ಟು ಯಾವುದೂ ಇಲ್ಲದಿದ್ದರೆ ಅದು ಬಹುಶಃ ಬಂಗು. ಇದು ಅಂಟುರೋಗವಲ್ಲ, ಟವೆಲ್ ಬೇರೆ ಇಡುವ ಕಾರಣವಿಲ್ಲ.

• ತಿಕ್ಕಬೇಡಿ. ಬಂಗು ಕೊಳೆಯಲ್ಲ, ಚರ್ಮದ ಒಳಗಿನ ಬಣ್ಣ. ಸಕ್ಕರೆ, ಸೋಡಾ ಹಾಕಿ ಉಜ್ಜಿದಷ್ಟೂ ಚರ್ಮ ಕೆರಳಿ ಇನ್ನಷ್ಟು ಕಪ್ಪಾಗುತ್ತದೆ.

• ನಿಂಬೆಹಣ್ಣನ್ನು ಸಾರಿಗೆ ಹಿಂಡಿ, ಮುಖಕ್ಕೆ ಬೇಡ. ನಿಂಬೆರಸ ಮೆತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟು ಹೊಸ ಕಲೆ ಬೀಳಬಹುದು.

• ಹೊತ್ತು ನೋಡಿ ಹೊಲಕ್ಕೆ ಹೋಗಿ. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗಿನ ಬಿಸಿಲೇ ಕೆಟ್ಟದ್ದು. ಸಾಧ್ಯವಿದ್ದಷ್ಟು ಕೆಲಸ ಅದರ ಮೊದಲೇ ಮುಗಿಸಿ. ಬುತ್ತಿ ಬಿಚ್ಚುವುದಾದರೂ ಮರದ ನೆರಳಲ್ಲಿ ಆಗಲಿ.

• ತೆಳು ಸೆರಗನ್ನು ನಂಬಬೇಡಿ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆ ಕಡೆಯದು ಕಂಡರೆ ಬಿಸಿಲೂ ಒಳಗೆ ಬರುತ್ತದೆ. ಕಬ್ಬಿನ ರವದಿ ಗೀರಬಾರದೆಂದು ಸೀರೆಯ ಮೇಲೆ ಮನೆಯವರ ಹಳೆ ಅಂಗಿ ಹಾಕಿಕೊಳ್ಳುತ್ತೀರಲ್ಲ, ಹಾಗೇ ಮುಖಕ್ಕೂ ಗಾಢ ಬಣ್ಣದ, ಒತ್ತಾಗಿ ನೇಯ್ದ ಹತ್ತಿ ಬಟ್ಟೆಯನ್ನು ಕಣ್ಣಷ್ಟೇ ಕಾಣುವಂತೆ ಕಟ್ಟಿ. ಮೇಲೊಂದು ಅಗಲ ಅಂಚಿನ ಟೋಪಿ ಇದ್ದರೆ ಹಣೆಯೂ ಉಳಿಯುತ್ತದೆ.

• ಬಸ್ಸಿನಲ್ಲಿ ಬದಿ ನೋಡಿ ಕೂಡಿ. ಕಿಟಕಿಯ ಗಾಜು ಬಿಸಿಲಿನ ಒಂದು ಭಾಗವನ್ನು ಮಾತ್ರ ತಡೆಯುತ್ತದೆ, ಬಂಗು ಹೆಚ್ಚಿಸುವ ಕಿರಣ ಒಳಗೆ ಬಂದೇ ಬರುತ್ತದೆ. ನಿಪ್ಪಾಣಿಯಿಂದ ಬೆಳಗಾವಿಗೆ ಬೆಳಿಗ್ಗೆ ಹೋಗುವಾಗಲೂ ಸಂಜೆ ಮರಳುವಾಗಲೂ ಬಿಸಿಲು ಎಡಕ್ಕೇ ಬೀಳುತ್ತದೆ. ಡ್ರೈವರ್ ಬದಿಯ ಸೀಟು ಹಿಡಿಯಿರಿ.

• ಒಲೆಗೆ ಮುಖ ಕೊಟ್ಟು ಕೂಡಬೇಡಿ. ಬಿಸಿಲಷ್ಟೇ ಅಲ್ಲ, ಶಾಖವೂ ಬಂಗನ್ನು ಕೆರಳಿಸುತ್ತದೆ. ಊದುಗೊಳವೆ ಇಟ್ಟುಕೊಳ್ಳಿ, ರೊಟ್ಟಿ ಬೇಯಿಸುವಾಗ ತುಸು ಹಿಂದೆ ಸರಿದು ಕೂಡಿ.

• ಬಿಳುಪಿನ ಕ್ರೀಮಿನ ದುಡ್ಡನ್ನು ಸನ್‌ಸ್ಕ್ರೀನಿಗೆ ಹಾಕಿ. ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ. ಐರನ್ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಇನ್ನೂ ಒಳ್ಳೆಯದು, ಕಣ್ಣಿಗೆ ಕಾಣುವ ಬೆಳಕನ್ನೂ ಅದು ತಡೆಯುತ್ತದೆ. ಎರಡು ಬೆರಳುದ್ದ ಹಿಂಡಿ ಮುಖ, ಕತ್ತಿಗೆಲ್ಲ ಹಚ್ಚಿ. ಬೆವರಿದರೆ ಎರಡು ಮೂರು ತಾಸಿಗೊಮ್ಮೆ ಮತ್ತೆ ಹಚ್ಚಿ.

• ಸನ್‌ಸ್ಕ್ರೀನಿನಲ್ಲಿ ಜಿಪುಣತನ ಬೇಡ. ದಿನಾ ಸರಿಯಾಗಿ ಹಚ್ಚಿದರೆ 50 ಗ್ರಾಂ ಟ್ಯೂಬು ಎರಡು ತಿಂಗಳೂ ಬಾರದು. ವರ್ಷವಿಡೀ ಬಂತೆಂದರೆ ಅದು ಉಳಿತಾಯವಲ್ಲ, ಹಚ್ಚಿದ್ದೂ ದಂಡ.

• ಬಸುರಿಗೆ ಬಂಗು ಬಂದರೆ ಗಾಬರಿಯಾಗಬೇಡಿ. ಮೈಯೊಳಗಿನ ಹಾರ್ಮೋನು ಏರಿದ್ದರಿಂದ ಅದು ಬರುತ್ತದೆ. ಹೆರಿಗೆಯಾದ ಕೆಲವು ತಿಂಗಳಲ್ಲಿ ಬಹಳ ಜನರಿಗೆ ತಿಳಿಯಾಗುತ್ತದೆ. ಅಲ್ಲಿಯವರೆಗೆ ನೆರಳು, ಬಟ್ಟೆ, ಸನ್‌ಸ್ಕ್ರೀನ್ ಸಾಕು. ಕಲೆ ತೆಗೆಯುವ ಕ್ರೀಮು ಮುಟ್ಟಬೇಡಿ.

• ಗರ್ಭನಿರೋಧಕ ಗುಳಿಗೆ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ. ಅದರಿಂದಲೂ ಬಂಗು ಬರಬಹುದು. ಹಾಗಂತ ನೀವೇ ಬಿಟ್ಟುಬಿಡಬೇಡಿ, ಬದಲಿಗೆ ಏನು ಮಾಡಬಹುದೆಂದು ಕೇಳಿಕೊಂಡು ಬಿಡಿ.

• ನೆಗೆಣ್ಣಿಯ ಟ್ಯೂಬು ನಿಮ್ಮ ಮುಖಕ್ಕೆ ಬೇಡ. “ಹದಿನೈದ ದಿನದಾಗ ಮಾರಿ ಹೆಂಗ ಬೆಳ್ಳಗಾತು ನೋಡ” ಎಂದು ಯಾರಾದರೂ ಕೊಟ್ಟರೆ ಟ್ಯೂಬಿನ ಮೇಲಿನ ಅಕ್ಷರ ಓದಿ, ಇಲ್ಲವೇ ಶಾಲೆಗೆ ಹೋಗುವ ಮಗಳಿಂದ ಓದಿಸಿ. ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್ ಎಂದಿದ್ದರೆ ಅದು ಸ್ಟೀರಾಯ್ಡ್. ಮೊದಮೊದಲು ಮುಖ ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಏಳುತ್ತವೆ, ಕೂದಲು ಬೆಳೆಯುತ್ತದೆ, ಬಿಟ್ಟ ಮೇಲೆ ಬಂಗು ಮೊದಲಿಗಿಂತ ಕಪ್ಪಾಗಿ ಬರಬಹುದು. 2018ರಲ್ಲಿ ಸರ್ಕಾರ ಇಂಥ ಕ್ರೀಮುಗಳನ್ನು ಡಾಕ್ಟರ ಚೀಟಿ ಬೇಕಾಗುವ ಔಷಧಗಳ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ ತಟ್ಟನೆ ನಿಲ್ಲಿಸದೆ ಡಾಕ್ಟರಿಗೆ ತೋರಿಸಿ.

• ಹೆಸರು, ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಡಬ್ಬಿ ಕೊಳ್ಳಬೇಡಿ. ಕೆಲವು ಬಿಳುಪಿನ ಕ್ರೀಮುಗಳಲ್ಲಿ ಪಾದರಸ ಇರುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಅಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದು ಬಯಲಾಯಿತು. ಮುಖ ಬೆಳ್ಳಗಾಗಲೆಂದು ಮೂತ್ರಪಿಂಡ ಕಳೆದುಕೊಳ್ಳುವುದು ಬೇಡ.

• ಚಿಂಚಲಿ ಮಾಯಕ್ಕನ ಜಾತ್ರೆಯಿಂದ ಬಂದ ಕೂಡಲೇ ಮುಖದ ಭಂಡಾರ ತೊಳೆದುಕೊಳ್ಳಿ. ಅಪ್ಪಟ ಅರಿಶಿನ ಸಾಮಾನ್ಯವಾಗಿ ತೊಂದರೆ ಕೊಡದು, ಬಣ್ಣ ಬೆರೆಸಿದ ಪುಡಿ ಕೆಲವರ ಚರ್ಮಕ್ಕೆ ಆಗದು. ಅಂಟಿಸುವ ಬಿಂದಿಯ ಜಾಗ ತುರಿಸಿದರೆ ಅಥವಾ ಬೆಳ್ಳಗಾದರೆ ಅದನ್ನು ಅಂದೇ ಬಿಡಿ.

• ಎಲ್ಲ ಕಲೆಯೂ ಬಂಗಲ್ಲ. ಕತ್ತಿನ ಹಿಂದೆ ಮಖಮಲ್ಲಿನಂತೆ ಕಪ್ಪು ದಪ್ಪಗಾಗಿದ್ದರೆ ಸಕ್ಕರೆ ಕಾಯಿಲೆಯ ಪರೀಕ್ಷೆ ಮಾಡಿಸಿ. ತಿಳಿಬಣ್ಣದ ಮಚ್ಚೆಗೆ ಸ್ಪರ್ಶವೇ ತಿಳಿಯದಿದ್ದರೆ ಅದು ಕುಷ್ಠ ಇರಬಹುದು. ನಾಚಿಕೊಳ್ಳದೆ ಸರ್ಕಾರಿ ದವಾಖಾನೆಗೆ ಹೋಗಿ. ಔಷಧ ಪುಕ್ಕಟೆ, ಪೂರ್ತಿ ನುಂಗಿದರೆ ಪೂರ್ತಿ ವಾಸಿ.

• ಚರ್ಮದ ಡಾಕ್ಟರಿಗೆ ತೋರಿಸಿ. ಕಾಗವಾಡ, ಅಥಣಿಯವರಿಗೆ ಮಿರಜ ಹತ್ತಿರ, ನಿಪ್ಪಾಣಿಯವರಿಗೆ ಕೊಲ್ಹಾಪುರ, ಉಳಿದವರಿಗೆ ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆ ಇದೆ. ಈವರೆಗೆ ಹಚ್ಚಿದ ಟ್ಯೂಬು, ನುಂಗಿದ ಗುಳಿಗೆ ಎಲ್ಲವನ್ನೂ ಒಂದು ಕೈಚೀಲದಲ್ಲಿ ಒಯ್ಯಿರಿ, ಇಲ್ಲವಾದರೆ ಹೆಸರು ನೆನಪಾಗುವುದಿಲ್ಲ.

• ಹೇಳಿದಷ್ಟು ದಿನ ಮಾತ್ರ ಹಚ್ಚಿ. ಹೈಡ್ರೋಕ್ವಿನೋನ್ ಕ್ರೀಮು ರಾತ್ರಿ ಹೊತ್ತು ಕೆಲವು ವಾರಗಳಿಗಷ್ಟೇ. ಚೆನ್ನಾಗಿದೆ ಎಂದು ವರ್ಷಗಟ್ಟಲೆ ಹಚ್ಚಿದರೆ ಚರ್ಮ ನೀಲಿಗಪ್ಪಾಗಬಹುದು. ಪಾರ್ಲರಿನಲ್ಲಿ ಲೇಸರ್, ಪೀಲಿಂಗ್ ಮಾಡಿಸಬೇಡಿ, ನಮ್ಮ ಗೋಧಿ ಬಣ್ಣದ ಚರ್ಮ ಸುಟ್ಟರೆ ಕಲೆ ಉಳಿಯುತ್ತದೆ.

• ಅವಸರ ಬೇಡ. ಫರಕು ಕಾಣಲು ಎರಡು ಮೂರು ತಿಂಗಳಾದರೂ ಬೇಕು. ತಿಂಗಳಿಗೊಮ್ಮೆ ಅದೇ ಜಾಗ, ಅದೇ ಬೆಳಕಿನಲ್ಲಿ ಮೊಬೈಲಿನಿಂದ ಒಂದು ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡಿದರೆ ಬದಲಾವಣೆ ತಿಳಿಯದು. ಬೇಸಿಗೆಯಲ್ಲಿ ಮತ್ತೆ ಬಂದರೂ ಎದೆಗುಂದಬೇಡಿ, ಬಂಗಿನ ಸ್ವಭಾವವೇ ಅದು.

ಕೊನೆಯ ಮಾತು ಮನೆಯವರಿಗೆ. ಬಿಸಿಲಲ್ಲಿ ದುಡಿದು ಬಂದ ಹೆಣ್ಣುಮಗಳ ಮುಖ ನೋಡಿ “ಏನಿದು ಕಲೆ” ಎಂದು ಚುಚ್ಚಬೇಡಿ. ಆ ಮಾತಿಗೆ ಹೆದರಿಯೇ ಅವಳು ಕಂಡಕಂಡ ಟ್ಯೂಬು ತರುತ್ತಾಳೆ. ಬಂಗಿನಿಂದ ಜೀವಕ್ಕೆ ಅಪಾಯವಿಲ್ಲ, ತಪ್ಪು ಔಷಧದಿಂದ ಇದೆ. ಅವಳಿಗೊಂದು ಸನ್‌ಸ್ಕ್ರೀನ್ ತಂದುಕೊಡಿ, ಮಟಮಟ ಮಧ್ಯಾಹ್ನ ಹೊಲಕ್ಕೆ ಕಳಿಸಬೇಡಿ.