ಮತದಾರರ ಪಟ್ಟಿಯೂ ನಮ್ಮ ಮಕ್ಕಳ ಹೆಸರೂ



ಮಗುವನ್ನು ಶಾಲೆಗೆ ಸೇರಿಸುವಾಗ ಅದರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯಿಸುತ್ತೇವೆ. ರೇಷನ್ ಕಾರ್ಡಿನಲ್ಲಿ ಅದನ್ನು ಸೇರಿಸುವದಕ್ಕಾಗಿ ಮಿಶ್ರಿಕೋಟಿಯಿಂದ ಕಲಘಟಗಿಗೆ ಎರಡು ಮೂರು ಸಾರಿ ಅಲೆಯಬೇಕಾದರೂ ಬೇಸರಪಡುವದಿಲ್ಲ. ಆದರೆ ಅದೇ ಮಗುವಿಗೆ ಹದಿನೆಂಟು ವರುಷ ತುಂಬುವ ಕಾಲಕ್ಕೆ ಅದರ ಹೆಸರು ಮತದಾರರ ಪಟ್ಟಿಯಲ್ಲಿ ಬಂದಿತೋ ಇಲ್ಲವೋ ಎಂದು ವಿಚಾರಿಸುವ ತಂದೆತಾಯಿಗಳು ನಮ್ಮೊಳಗೆ ಎಷ್ಟು ಮಂದಿ? ವಯಸ್ಸು ತುಂಬಿದ ಮೇಲೆ ಸರಕಾರದವರೇ ಬರಕೊಳ್ಳುವರೆಂದು ಅನೇಕರು ನೆನಸುತ್ತಾರೆ. ಅದು ಹಾಗಲ್ಲ. ಅರ್ಜಿ ಕೊಡದವರ ಹೆಸರು ತಾನಾಗಿ ಪಟ್ಟಿಗೆ ಏರುವದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲದವನು ಕೈಯಲ್ಲಿ ಆಧಾರ ಕಾರ್ಡು ಹಿಡಿದುಕೊಂಡು ಬಂದರೂ ಮತಗಟ್ಟೆಯಿಂದ ಹಿಂದಿರುಗಬೇಕಾಗುವದು.

ಈ ಪಟ್ಟಿಯು ನಮ್ಮ ಹಿರಿಯರಿಗೆ ಸುಲಭವಾಗಿ ದೊರೆತದ್ದಲ್ಲವೆಂಬದನ್ನು ಮಕ್ಕಳಿಗೆ ಮೊದಲು ತಿಳಿಸಬೇಕು. ಧಾರವಾಡ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅಂದರೆ 1937ರ ಚುನಾವಣೆಯಲ್ಲಿ, ಭೂಕಂದಾಯ ಕಟ್ಟುವವರು, ಆಸ್ತಿಯುಳ್ಳವರು, ಗೊತ್ತುಮಾಡಿದ ವಿದ್ಯಾರ್ಹತೆಯುಳ್ಳವರು ಮುಂತಾದವರಿಗೆ ಮಾತ್ರ ಮತವಿತ್ತು. ಹೊಲವಿಲ್ಲದೆ ಕೂಲಿಯಿಂದ ಜೀವಿಸಿದ ನಿರಕ್ಷರಿಗೆ ಇರಲಿಲ್ಲ. ದೇಶೀಯ ಕ್ರೈಸ್ತರಿಗೆ ಆಗ ಬೇರೆ ಸ್ಥಾನಗಳೂ ಬೇರೆ ಪಟ್ಟಿಯೂ ಇದ್ದವು. 1950ರಲ್ಲಿ ಜಾರಿಗೆ ಬಂದ ರಾಜ್ಯಾಂಗವು ಇವೆಲ್ಲವನ್ನು ತೆಗೆದುಹಾಕಿತು. ಅದರ 325ನೇ ವಿಧಿಯ ಪ್ರಕಾರ ಒಂದು ಕ್ಷೇತ್ರಕ್ಕೆ ಒಂದೇ ಸಾಮಾನ್ಯ ಪಟ್ಟಿ. ಧರ್ಮ, ಜನಾಂಗ, ಜಾತಿ, ಲಿಂಗ ಎಂಬ ಕಾರಣಗಳಿಂದ ಯಾರ ಹೆಸರನ್ನೂ ಬಿಡಲಿಕ್ಕಾಗದು. ಗೌಡರ ಹೆಸರೂ ಅವರ ಹೊಲದಲ್ಲಿ ಕಳೆ ತೆಗೆಯುವವಳ ಹೆಸರೂ ಒಂದೇ ಹಾಳೆಯಲ್ಲಿ ಅಚ್ಚಾಗುವವು.

ಆದಾಗ್ಯೂ 1951–52ರ ಮೊದಲನೇ ಮಹಾಚುನಾವಣೆಯಲ್ಲಿ ಒಂದು ಸಂಗತಿ ನಡೆಯಿತು. ಹೆಸರು ಬರಕೊಳ್ಳಲು ಮನೆಗೆ ಬಂದವರಿಗೆ ಅನೇಕ ಸ್ತ್ರೀಯರು ತಮ್ಮ ಸ್ವಂತ ಹೆಸರನ್ನು ಹೇಳಲಿಲ್ಲ. ಇಂಥವನ ಹೆಂಡತಿ, ಇಂಥವನ ತಾಯಿ ಎಂದಷ್ಟೇ ಹೇಳಿದರು. ಅಂಥ ನಮೂದುಗಳನ್ನು ಇಟ್ಟುಕೊಳ್ಳಲಾಗದೆಂದು ದೇಶದಲ್ಲೆಲ್ಲಾ ಸುಮಾರು 28 ಲಕ್ಷ ಸ್ತ್ರೀಯರನ್ನು ಪಟ್ಟಿಯಿಂದ ಬಿಡಬೇಕಾಯಿತು. ಇದು ಹೆಚ್ಚಾಗಿ ಉತ್ತರದ ಸೀಮೆಗಳಲ್ಲಿ ನಡೆದದ್ದು ನಿಜ. ಆದರೂ ಮನೆಗೆ ಯಾರಾದರೂ ಕಾಗದ ಹಿಡಿದುಕೊಂಡು ಬಂದರೆ ಬಾಗಿಲ ಹಿಂದೆ ನಿಲ್ಲುವ ಹೆಣ್ಣುಮಕ್ಕಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇಲ್ಲವೆಂದು ನಾವು ಹೇಳಲಾರೆವು. ಆದದರಿಂದ ಹೈಸ್ಕೂಲಿನ ಹುಡುಗಿಗೆ ಅವಳ ಹೆಸರನ್ನು ಅವಳೇ ಹೇಳುವದನ್ನೂ ಅರ್ಜಿಯನ್ನು ಅವಳೇ ತುಂಬುವದನ್ನೂ ಕಲಿಸತಕ್ಕದ್ದು. ಅಣ್ಣನು ಬರೆದುಕೊಟ್ಟು ಇವಳು ಬರೇ ರುಜು ಹಾಕಿದರೆ ಪಾಠವು ಅರ್ಧವೇ ಆದಂತೆ.

ಇನ್ನು ವಯಸ್ಸಿನ ಮಾತು. ಮೊದಲು ಮತಕ್ಕೆ ಇಪ್ಪತ್ತೊಂದು ವರುಷ ಬೇಕಿತ್ತು; ರಾಜ್ಯಾಂಗದ 61ನೇ ತಿದ್ದುಪಡಿಯಿಂದ 1989ರ ಮಾರ್ಚ್ 28ರಿಂದ ಹದಿನೆಂಟಾಯಿತು. ಆಗಲೂ ಒಂದು ಅಡ್ಡಿ ಉಳಿದಿತ್ತು. ಜನವರಿ 1ನೇ ತಾರೀಖಿಗೆ ಹದಿನೆಂಟು ತುಂಬಿರಬೇಕೆಂದು ಲೆಕ್ಕ ಹಿಡಿಯುತ್ತಿದ್ದದರಿಂದ, ಜನವರಿ 2ರಂದು ಹುಟ್ಟಿದ ಹುಡುಗನು ಹೆಚ್ಚುಕಡಿಮೆ ಇನ್ನೊಂದು ವರುಷ ಕಾಯುತ್ತಿದ್ದನು. 2021ರಲ್ಲಿ ಕಾನೂನು ತಿದ್ದಲ್ಪಟ್ಟು 2022ರ ಆಗಸ್ಟ್ 1ರಿಂದ ವರುಷಕ್ಕೆ ನಾಲ್ಕು ಅರ್ಹತಾ ದಿನಗಳಾದವು: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಇದಲ್ಲದೆ ಹದಿನೇಳು ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು. 2008ರ ಆಗಸ್ಟ್ 10ರಂದು ಹುಟ್ಟಿದ ಒಬ್ಬ ಹುಡುಗಿಯನ್ನು ಎಣಿಸಿಕೊಳ್ಳಿರಿ. 2025ರ ಆಗಸ್ಟ್ 10ಕ್ಕೆ ಹದಿನೇಳು ತುಂಬಿದ ಮೇಲೆ ಆಕೆಯು ಅರ್ಜಿ ಹಾಕಬಹುದು. 2026ರ ಅಕ್ಟೋಬರ್ 1ರ ಲೆಕ್ಕಕ್ಕೆ ಆಕೆಯ ಹೆಸರು ಪಟ್ಟಿಗೆ ಸೇರತಕ್ಕದ್ದು. ಹಿಂದಿನ ನಿಯಮದಂತಾದರೆ 2027ರ ಜನವರಿಯ ತನಕ ಕಾಯಬೇಕಾಗುತ್ತಿತ್ತು.

ಹತ್ತನೇ ತರಗತಿಯ ಮಕ್ಕಳು ಸಾಧಾರಣವಾಗಿ ಹದಿನಾರರ ಆಚೀಚಿನವರು. ಅವರಲ್ಲಿ ಅನೇಕರು ಅರ್ಜಿ ಕೊಡುವ ಹೊತ್ತಿಗೆ ಹುಬ್ಬಳ್ಳಿಗೋ ಕಲಘಟಗಿಗೋ ಬಸ್ಸು ಹತ್ತಿ ಕಾಲೇಜಿಗೆ ಹೋಗುವವರಾಗಿರುವರು. ಕೆಲವರು ಶಾಲೆಯನ್ನೇ ಬಿಟ್ಟು ಗದ್ದೆಗೆ ಇಳಿದಿರುವರು. ಹೀಗಿರುವದರಿಂದ ಕಲಿಸುವ ಕೆಲಸವು ಹೈಸ್ಕೂಲಿನಲ್ಲಿಯೇ ಆಗಬೇಕು. ಚುನಾವಣಾ ಆಯೋಗದವರು 2018ರಲ್ಲಿ ಆರಂಭಿಸಿದ ಮತದಾರರ ಸಾಕ್ಷರತಾ ಸಂಘಗಳು ಒಂಭತ್ತನೇ ತರಗತಿಯಿಂದಲೇ ಮಕ್ಕಳನ್ನು ಸೇರಿಸಿಕೊಳ್ಳುವದು ಇದಕ್ಕಾಗಿಯೇ. ನಿಮ್ಮ ಊರ ಶಾಲೆಯಲ್ಲಿ ಅಂಥ ಸಂಘ ಉಂಟೋ ಎಂದು ಮಾಸ್ತರರನ್ನು ಕೇಳಿರಿ.

ಈಗ ಎಲ್ಲಕ್ಕಿಂತ ತೊಡಕಾದ ವಿಷಯಕ್ಕೆ ಬರುತ್ತೇವೆ. ಅದು ಹುಟ್ಟಿದ ತಾರೀಖು. ನಮ್ಮ ಕಡೆಯ ಹಳ್ಳಿಗಳಲ್ಲಿ ಎಷ್ಟೋ ಮಂದಿಯ ಜನ್ಮದಿನವು ಜೂನ್ 1 ಎಂದಿರುವದನ್ನು ನೀವು ಬಲ್ಲಿರಿ. ಅವರೆಲ್ಲರೂ ಒಂದೇ ದಿನ ಹುಟ್ಟಿದವರಲ್ಲ. ತಾಯಿಯು ಮಳೆಗಾಲದಲ್ಲಿ ಎಂದೋ ಜೋಳದ ಸುಗ್ಗಿಯಲ್ಲಿ ಎಂದೋ ಹೇಳಿದಾಗ, ಶಾಲೆ ತೆರೆಯುವ ತಿಂಗಳ ಮೊದಲ ದಿನವನ್ನೇ ಮಾಸ್ತರರು ಬರೆದು ಮುಗಿಸಿದರು. ಇತ್ತೀಚಿನ ಮಕ್ಕಳಿಗೆ ಜನನ ಪ್ರಮಾಣಪತ್ರವಿರುವದು ಒಳ್ಳೇದೇ. ಆದರೆ ಅದರಲ್ಲಿ ಒಂದು ತಾರೀಖು, ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ ಕಾರ್ಡಿನಲ್ಲಿ ಮತ್ತೊಂದು ಆದರೆ ಏನು ಮಾಡೋಣ? ಹತ್ತನೇ ತರಗತಿಯಲ್ಲಿ ಇರುವಾಗಲೇ ಈ ಮೂರನ್ನೂ ಒಂದು ಸಂಜೆ ಚಾಪೆಯ ಮೇಲೆ ಹರಡಿ ಹೋಲಿಸಿ ನೋಡತಕ್ಕದ್ದು. ಅಂಕಪಟ್ಟಿ ಅಚ್ಚಾದ ಮೇಲೆ ತಿದ್ದಿಸುವದು ಬಹಳ ಪ್ರಯಾಸ. ಬೇಗ ಮತ ದೊರೆಯಲೆಂದು ವಯಸ್ಸನ್ನು ಹೆಚ್ಚಿಸಿ ಬರೆಯುವದಂತೂ ಬೇಡವೇ ಬೇಡ. ಅರ್ಜಿಯಲ್ಲಿ ತಿಳಿದು ತಿಳಿದು ಸುಳ್ಳು ಹೇಳಿದವರಿಗೆ ಒಂದು ವರುಷದ ವರೆಗೆ ಸೆರೆಯೋ ದಂಡವೋ ಎರಡೂ ಕೂಡಿಯೋ ಆಗಬಹುದು.

ನಮ್ಮ ಸಭೆಗಳವರಿಗೆ ಇಲ್ಲಿ ಒಂದು ವಿಶೇಷ ಎಚ್ಚರಿಕೆ ಉಂಟು. ದೀಕ್ಷಾಸ್ನಾನದ ಪುಸ್ತಕದಲ್ಲಿರುವ ತಾರೀಖು ಎಷ್ಟು ನಿಜವಾಗಿದ್ದರೂ, ವಯಸ್ಸಿಗೆ ಆಯೋಗದವರು ಹೆಸರಿಸಿದ ದಾಖಲೆಗಳಲ್ಲಿ ಅದು ಸೇರಿಲ್ಲ. ಜನನ ಪ್ರಮಾಣಪತ್ರ, ಹತ್ತನೇ ಅಥವಾ ಹನ್ನೆರಡನೇ ತರಗತಿಯ ಅಂಕಪಟ್ಟಿ, ಆಧಾರ, ಪಾನ್ ಕಾರ್ಡು, ವಾಹನ ಚಾಲನೆಯ ಲೈಸೆನ್ಸ್, ಪಾಸ್‌ಪೋರ್ಟು ಇವುಗಳಲ್ಲಿ ಒಂದನ್ನು ಕೊಡಬೇಕು. ಸಭೆಯಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಇರುವ ಮಕ್ಕಳು ಶಾಲೆಯ ದಾಖಲೆಯಲ್ಲಿರುವ ಹೆಸರನ್ನೇ ಅಕ್ಷರ ತಪ್ಪದೆ ಬರೆಯಲಿ.

ಅರ್ಜಿಗೆ ನಮೂನೆ 6 ಎಂದು ಹೆಸರು. ಅದರ ಜೊತೆಗೆ ಒಂದು ಭಾವಚಿತ್ರ, ವಯಸ್ಸಿನ ದಾಖಲೆ, ವಾಸದ ದಾಖಲೆ ಬೇಕು; ತಂದೆಯ ಹೆಸರಿನಲ್ಲಿರುವ ವಿದ್ಯುತ್ ಬಿಲ್ಲು ಅಥವಾ ಹೊಲದ ಪತ್ರವು ವಾಸಕ್ಕೆ ಸಾಕಾಗಬಹುದು. ಇದನ್ನು ನಿಮ್ಮ ಮತಗಟ್ಟೆಯ ಅಧಿಕಾರಿಗೆ, ಅಂದರೆ ಬಿ.ಎಲ್.ಓ. ಎಂಬವರಿಗೆ ಕೊಡಬಹುದು, ಅವರು ಬಹಳ ಕಡೆ ಊರಿನ ಶಿಕ್ಷಕರೋ ಅಂಗನವಾಡಿಯ ಅಕ್ಕನವರೋ ಆಗಿರುತ್ತಾರೆ. ತಹಶೀಲ್ದಾರರ ಕಚೇರಿಯಲ್ಲಿಯೂ ಮೊಬೈಲಿನಿಂದಲೂ ಸಲ್ಲಿಸಬಹುದು. 1950 ಎಂಬ ಸಂಖ್ಯೆಗೆ ಫೋನು ಮಾಡಿದರೆ ವಿಚಾರಣೆಗೆ ಉತ್ತರ ಸಿಕ್ಕುವದು. ಹೆಸರು ಸೇರಿಸುವದಕ್ಕೆ ಒಂದು ಪೈಸೆಯೂ ಶುಲ್ಕವಿಲ್ಲ. ಅರ್ಜಿಯನ್ನು ತಿರಸ್ಕರಿಸಿದರೆ ಜಿಲ್ಲಾಧಿಕಾರಿಗಳಿಗೆ ಮನವಿ ಮಾಡಿಕೊಳ್ಳುವ ಹಕ್ಕುಂಟು.

ಹಾಸ್ಟೆಲಿನಲ್ಲಿ ಓದುವವರು ಎಲ್ಲಿ ಬರೆಯಿಸಬೇಕು? ತಂದೆತಾಯಿಗಳ ಊರಲ್ಲಾದರೂ ಸರಿ, ಕಾಲೇಜಿನ ಮುಖ್ಯಸ್ಥರ ಪತ್ರ ತಂದು ಹಾಸ್ಟೆಲಿರುವ ಊರಲ್ಲಾದರೂ ಸರಿ. ಎರಡು ಕಡೆ ಕೂಡದು. ನಮ್ಮ ಅಭಿಪ್ರಾಯ ಕೇಳಿದರೆ ಸ್ವಂತ ಊರೇ ಮೇಲು. ಯಾಕಂದರೆ ವಿಧಾನಸಭೆಯ ಈ ಪಟ್ಟಿಯಿಂದಲೇ ಗ್ರಾಮ ಪಂಚಾಯತಿಯ ಪಟ್ಟಿಯೂ ಆಗುವದು, ಮತ್ತು ಕುಡಿಯುವ ನೀರು, ಚರಂಡಿ, ಬೀದಿಯ ದೀಪ ಇವು ಅಲ್ಲಿಯೇ ತೀರ್ಮಾನವಾಗುವವು.

ಸಹಾಯ ಮಾಡುವವರಿಗೆ ಒಂದು ಮಾತು. ಅರ್ಜಿ ತುಂಬಿಸಿದ ಉಪಕಾರವನ್ನು ನೆನಪಿಸಿ, ಇಂಥವರಿಗೇ ಮತ ಹಾಕೆಂದು ಮಕ್ಕಳಿಗೆ ಹೇಳಬಾರದು. ಅದು ಶಿಕ್ಷಕರಿಗೂ ಸಲ್ಲದು, ಸಭೆಯ ಹಿರಿಯರಿಗೂ ಸಲ್ಲದು, ತಂದೆಗೂ ಸಲ್ಲದು. ಹಾಗೆ ಹೇಳಿಸಿಕೊಂಡ ಹುಡುಗನು ಮುಂದಿನ ಸಾರಿ ತನ್ನ ತಮ್ಮನನ್ನು ನಿಮ್ಮ ಬಳಿಗೆ ಕಳುಹಿಸುವನೋ?

ಚುನಾವಣೆ ಸಾರಿದ ಮೇಲೆ ಓಡಾಡುವದು ನಮ್ಮ ಜನರ ವಾಡಿಕೆ. ಉಮೇದುವಾರರು ನಾಮಪತ್ರ ಕೊಡುವ ಕಡೇ ದಿನವು ಕಳೆದರೆ ಆ ಚುನಾವಣೆ ಮುಗಿಯುವ ತನಕ ಹೊಸ ಹೆಸರು ಸೇರಲಾರದು. ಅರ್ಜಿ ಕೊಟ್ಟ ಮೇಲೆಯೂ ಸುಮ್ಮನಿರಬೇಡಿರಿ. ಕರಡು ಪಟ್ಟಿಯು ಪ್ರಕಟವಾದಾಗ ಮಗಳನ್ನೇ ಕರಕೊಂಡು ಹೋಗಿ, ಅವಳ ಹೆಸರಿನ ಅಕ್ಷರ, ತಂದೆಯ ಹೆಸರು, ಮನೆಯ ನಂಬರು, ವಯಸ್ಸು ಇವನ್ನು ಅವಳಿಂದಲೇ ಓದಿಸಿರಿ. ತಪ್ಪಿದ್ದರೆ ನಮೂನೆ 8 ಕೊಡಬೇಕು. ಮದುವೆಯಾಗಿ ಕುಂದಗೋಳಕ್ಕೋ ನವಲಗುಂದಕ್ಕೋ ಅಣ್ಣಿಗೇರಿಗೋ ಹೋದ ಮಗಳು ತನ್ನ ಹೆಸರನ್ನು ಗಂಡನ ಊರಿಗೆ ಸಾಗಿಸಿಕೊಳ್ಳುವದೂ ಅದೇ ನಮೂನೆಯಿಂದ. ಅದೇ ಹಾಳೆಯಲ್ಲಿ ಅಜ್ಜಿಯ ಹೆಸರು ಉಳಿದದೆಯೋ ಎಂಬದನ್ನೂ ಅವಳು ನೋಡಿಕೊಂಡು ಬರಲಿ.