ಹೊಳೆಯ ಲೆಕ್ಕ, ಚೀಲದ ಲೆಕ್ಕ: ಒಂದು ಅಭ್ಯಾಸ ಪಾಠ

ತರಗತಿ: 9
ವಿಷಯ: ಸಮಾಜ ವಿಜ್ಞಾನ (ಅರ್ಥಶಾಸ್ತ್ರ)
ಪಾಠಾಂಶ: ಪರಿಸರ ನಿಯಮ ಮತ್ತು ಕಾಫಿ ಸಂಸ್ಕರಣೆಯ ವೆಚ್ಚ
ಅವಧಿ: 40 ನಿಮಿಷ

ಉದ್ದೇಶ: ಒಂದೇ ನಿಯಮದ ಹೊರೆ ದೊಡ್ಡ ಮತ್ತು ಸಣ್ಣ ಬೆಳೆಗಾರರ ಮೇಲೆ ಬೇರೆ ಬೇರೆಯಾಗಿ ಬೀಳುವುದನ್ನು ವಿದ್ಯಾರ್ಥಿಗಳು ಲೆಕ್ಕ ಹಾಕಿ ವಿವರಿಸುವರು.

ವಿಷಯ ನಿರೂಪಣೆ: ಕೊಡಗಿನಲ್ಲಿ ಅರೇಬಿಕಾ ಹಣ್ಣನ್ನು ಪಲ್ಪರ್‌ನಲ್ಲಿ ಸುಲಿದು, ಲೋಳೆ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್, ಹಾಗೆಯೇ ಒಣಗಿಸಿದರೆ ಚೆರಿ. ಪಾರ್ಚ್‌ಮೆಂಟಿಗೆ ಸಾಮಾನ್ಯವಾಗಿ ಬೆಲೆ ಹೆಚ್ಚು. ಆದರೆ ತೊಳೆದ ನೀರಿನಲ್ಲಿರುವ ಸಕ್ಕರೆಯಂಶ ಕೊಳೆಯುವಾಗ ಹೊಳೆಯ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗುತ್ತದೆ. ಕೊಯ್ಲು ನಡೆಯುವುದೂ ಮಳೆ ನಿಂತು ಹರಿವು ಇಳಿಯುವ ಕಾಲದಲ್ಲೇ. ಇಂಥ ಮಾಲಿನ್ಯವನ್ನು ತಡೆಯಲು 1974ರ ಜಲ ಮಾಲಿನ್ಯ ಕಾಯ್ದೆ ಇದೆ.

ಮೊದಲ ಪ್ರಯತ್ನ: 'ಎ' ವಿಭಾಗದಲ್ಲಿ ನಾನು ಕಾಯ್ದೆಯನ್ನು ಹೊಗಳಿ, ಹೊಳೆ ಕೆಡಿಸುವವರನ್ನು ತೆಗಳಿ ಪಾಠ ಮುಗಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ, "ನಮ್ಮ ಮನೇಲೂ ಪಲ್ಪರ್ ಇದೆ ಟೀಚರ್. ನಾವು ಕೆಟ್ಟವರಾ?" ಎಂದ. ಉತ್ತರ ಹೊಳೆಯಲಿಲ್ಲ. ಅವನ ಪಕ್ಕದಲ್ಲೇ ಹೊಳೆನೀರು ಬಳಸುವ ಮನೆಯ ಹುಡುಗನೂ ಕುಳಿತಿದ್ದ.

ಪರಿಷ್ಕೃತ ಚಟುವಟಿಕೆ: 'ಬಿ' ವಿಭಾಗದಲ್ಲಿ ಕಪ್ಪುಹಲಗೆಯ ಮೇಲೆ ಊಹೆಯ ಅಂಕಿಗಳನ್ನು ಬರೆದೆ. ನೀರು ಶುದ್ಧೀಕರಿಸುವ ತೊಟ್ಟಿಗಳಿಗೆ ₹3,00,000. ಬಾಳಿಕೆ 10 ವರ್ಷ. ಅಂದರೆ ವರ್ಷಕ್ಕೆ ₹30,000.

- 600 ಚೀಲದ ತೋಟ: ಚೀಲಕ್ಕೆ ₹50
- 50 ಚೀಲದ ತೋಟ: ಚೀಲಕ್ಕೆ ₹600
- 50 ಚೀಲದ ಹತ್ತು ತೋಟಗಳು ಸೇರಿ ಕಟ್ಟಿದರೆ: ಚೀಲಕ್ಕೆ ₹60

"ತೊಟ್ಟಿ ಕಟ್ಟದಿದ್ದರೆ ಖರ್ಚೇ ಇಲ್ಲವೇ?" ಎಂದು ಕೇಳಿದೆ. "ಇದೆ, ಕೆಳಗಿನ ಊರಿನವರು ಕೊಡ್ತಾರೆ" ಎಂದಳು ಒಬ್ಬಳು. ಪಾಠದ ತಿರುಳು ಅವಳ ಮಾತಿನಲ್ಲೇ ಬಂತು: ನಿಯಮ ಖರ್ಚನ್ನು ಹುಟ್ಟಿಸುವುದಿಲ್ಲ, ಹೊಳೆಯ ಮೇಲಿದ್ದುದನ್ನು ಬೆಳೆಗಾರನ ಲೆಕ್ಕಕ್ಕೆ ತರುತ್ತದೆ. ಆ ಹೊರೆ ಸಣ್ಣವನಿಗೆ ಭಾರವಾದರೆ ಅವನು ಚೆರಿಗೆ ಮರಳಿ ಹೆಚ್ಚಿನ ಬೆಲೆ ಬಿಡಬೇಕು, ಇಲ್ಲವೇ ಕದ್ದುಮುಚ್ಚಿ ನೀರು ಬಿಡಬೇಕು. ಆದ್ದರಿಂದ ಸಹಾಯಧನ, ಕಡಿಮೆ ನೀರಿನ ಪಲ್ಪರ್, ಸಾಮೂಹಿಕ ಘಟಕಗಳ ಚರ್ಚೆಯೂ ನಿಯಮದ ಪಾಠದೊಳಗೇ ಬರಬೇಕು.

ಮೌಲ್ಯಮಾಪನ: ಹಣ್ಣನ್ನು ಕೊಯ್ದ ದಿನವೇ ಸುಲಿಯಬೇಕು. ಹತ್ತು ತೋಟಗಳ ಹಣ್ಣು ಒಂದೇ ಸಂಜೆ ಬಂದರೆ ಸಾಮೂಹಿಕ ಘಟಕ ಏನು ಮಾಡಬೇಕು? ಯಾವ ಹೊಸ ಖರ್ಚು ಸೇರುತ್ತದೆ?

ಅವಲೋಕನ: ಮರುದಿನ 'ಎ' ವಿಭಾಗಕ್ಕೆ ಹೋಗಿ ಅದೇ ಲೆಕ್ಕ ಮಾಡಿಸಿದೆ. ಹಲಗೆಯ ಬಳಿ ಬಂದು ಭಾಗಾಕಾರ ಮಾಡಿದವನು ಆ ಹಿಂದಿನ ಬೆಂಚಿನ ಹುಡುಗನೇ.